ಚಿಕ್ಕಪೇಟೆಯ ಗಲ್ಲಿಯಲ್ಲೊಂದು ಚೇಸ್

ನಮ್ಮ ಕಿರುಚಿತ್ರದಲ್ಲಿ ಎರಡು ನಿಮಿಷದ ಚೇಸ್ ಇತ್ತು. ಚೀಲ ಕಿತ್ತುಕೊಂಡು ಓಡುವ ಹುಡುಗ, ಹಿಂದೆ ಅಂಗಡಿಯವನು. ಭಾನುವಾರ ಬೆಳಗಿನ ಜಾವ, ಶಟರ್ ಎತ್ತುವ ಮೊದಲೇ, ಚಿಕ್ಕಪೇಟೆಯ ಗಲ್ಲಿಗಳಲ್ಲಿ ಮೊಬೈಲಿನಲ್ಲೇ ಶೂಟ್ ಮಾಡಿದೆವು. ಎಡಿಟಿಂಗ್ ನನ್ನದು. ವೇಗ ಬರಲಿ ಅಂತ ಸೆಕೆಂಡಿಗೊಂದು ಕಟ್ ಹಾಕಿದೆ, ಮೇಲೆ ಜೋರಾಗಿ ಡ್ರಮ್ಸ್ ಸೇರಿಸಿದೆ. ಗೆಳೆಯನೊಬ್ಬ ನೋಡಿ ಕೇಳಿದ್ದು ಒಂದೇ ಮಾತು: ‘ಈಗ ಮುಂದೆ ಇರೋದು ಯಾರು?’

ಆ ರಾತ್ರಿ ‘ಬುಲಿಟ್’ ಹಾಕಿಕೊಂಡು ಕೂತೆ. 1968ರ ಸಿನಿಮಾ. ಸ್ಟೀವ್ ಮೆಕ್‌ಕ್ವೀನ್ ಓಡಿಸುವ ಹಸಿರು ಮಸ್ಟಾಂಗ್ ಕಾರು, ಕೊಲೆಗಾರರ ಕಪ್ಪು ಡಾಡ್ಜ್ ಚಾರ್ಜರ್ ಕಾರು, ಸ್ಯಾನ್ ಫ್ರಾನ್ಸಿಸ್ಕೋದ ಕಡಿದಾದ ರಸ್ತೆಗಳು. ಚೇಸ್ ಸುಮಾರು 11 ನಿಮಿಷ. ಎಷ್ಟೋ ಸಲ ನೋಡಿದ್ದೆ, ಆದರೆ ನೋಟ್‌ಬುಕ್ ಹಿಡಿದು ನೋಡಿದ್ದು ಅವತ್ತೇ ಮೊದಲು.

ಶುರುವಿನಲ್ಲಿ ಅವಸರವೇ ಇಲ್ಲ. ಚಾರ್ಜರ್ ಮಸ್ಟಾಂಗನ್ನು ಸುಮ್ನೆ ಹಿಂಬಾಲಿಸುತ್ತದೆ. ಒಂದು ತಿರುವಿನಲ್ಲಿ ಮಸ್ಟಾಂಗ್ ಕಣ್ಮರೆ. ಕೊಲೆಗಾರರು ಹುಡುಕುತ್ತಿರುವಾಗ ಅದು ಅವರ ಹಿಂದಿನ ಕನ್ನಡಿಯಲ್ಲಿ ಕಾಣಿಸುತ್ತದೆ! ಬೇಟೆಗೆ ಬಂದವರೇ ಬೇಟೆಯಾದರು. ಚಾರ್ಜರ್‌ನ ಡ್ರೈವರ್ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾನೆ. ಟೈರ್ ಕಿರುಚುತ್ತದೆ, ಲಾಲೋ ಶಿಫ್ರಿನ್ ಸಂಗೀತ ಅಲ್ಲಿಗೆ ನಿಂತುಬಿಡುತ್ತದೆ. ಆಮೇಲೆ ಎಂಜಿನ್ ಸದ್ದೇ ಎಲ್ಲ. ಆ ಬೆಲ್ಟ್ ಹಾಕಿಕೊಳ್ಳುವ ಶಾಟ್ ನನಗೆ ಇಡೀ ಚೇಸ್‌ಗಿಂತ ಇಷ್ಟ.

ಆ ಊರು ಗೊತ್ತಿದ್ದವರಿಗೆ ಅದು ನಿಜವಾದ ದಾರಿಯಲ್ಲ ಅಂತ ತಿಳಿಯುತ್ತದೆ. ಒಂದು ಮೂಲೆಯಲ್ಲಿ ತಿರುಗಿದ ಕಾರು ಊರಿನ ಇನ್ನೆಲ್ಲೋ ಹೊರಬರುತ್ತದೆ. ಒಂದೇ ಹಸಿರು ಫೋಕ್ಸ್‌ವ್ಯಾಗನ್ ಮತ್ತೆ ಮತ್ತೆ ಎದುರಾಗುತ್ತದೆ. ಆದರೂ ದಾರಿ ತಪ್ಪಿದ ಹಾಗೆ ಅನಿಸುವುದಿಲ್ಲ. ಯಾರು ಮುಂದೆ, ಯಾರು ಹಿಂದೆ, ನಡುವೆ ಎಷ್ಟು ಅಂತರ, ಇವು ಮೂರೂ ಕಣ್ಣಿಗೆ ಸಿಗುತ್ತಲೇ ಇರುತ್ತವೆ. ಎಡಿಟರ್ ಫ್ರಾಂಕ್ ಕೆಲ್ಲರ್‌ಗೆ ಆಸ್ಕರ್ ಬಂದದ್ದು ಇದೇ ಚಿತ್ರಕ್ಕೆ. ನನ್ನ ಎರಡು ನಿಮಿಷದಲ್ಲಿ ಆ ಮೂರರಲ್ಲಿ ಒಂದೂ ಇರಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೋದೆವು. ಈ ಸಲ ಮೊದಲೇ ಹಾಳೆಯಲ್ಲಿ ಗಲ್ಲಿಗಳ ನಕ್ಷೆ ಬರೆದೆ. ಹುಡುಗ ಪರದೆಯಲ್ಲಿ ಯಾವಾಗಲೂ ಎಡದಿಂದ ಬಲಕ್ಕೇ ಓಡಬೇಕು. ಕ್ಯಾಮೆರಾ ಗಲ್ಲಿಯ ಆಚೆ ಬದಿಗೆ ದಾಟಿದರೆ ಅವನು ವಾಪಸ್ ಬರುತ್ತಿರುವ ಹಾಗೆ ಕಾಣುತ್ತದೆ, ಅಲ್ವಾ? ದಿಕ್ಕು ಬದಲಾಗಲೇಬೇಕಾದ ಕಡೆ ಅವನು ತಿರುಗುವುದನ್ನು ಕಟ್ ಇಲ್ಲದೆ ಪೂರ್ತಿ ತೋರಿಸಿದೆ. ಇಬ್ಬರ ನಡುವಿನ ಅಂತರ ಮೊದಲು ಇಪ್ಪತ್ತು ಹೆಜ್ಜೆ, ಆಮೇಲೆ ಹತ್ತು, ಕೊನೆಗೆ ಮೂರು. ಮಹಡಿಯ ಮೇಲಿಂದ ಇಬ್ಬರೂ ಒಟ್ಟಿಗೆ ಕಾಣುವ ಒಂದು ಉದ್ದನೆಯ ಶಾಟ್ ತೆಗೆದೆ. ಎಡಗಡೆಯ ಗಲ್ಲಿಯ ಕೊನೆಗೆ ಗೋಡೆ ಇದೆ ಅನ್ನುವುದು ಅದರಲ್ಲೇ ಕಾಣುತ್ತದೆ.

ಬೇಗ ಬೇಗ ಕಟ್ ಮಾಡಲೇಬಾರದು ಅಂತಲ್ಲ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ ಸುಮಾರು 2,700 ಕಟ್‌ಗಳಿವೆ. ಆದರೆ ಮುಖ್ಯವಾದದ್ದನ್ನು ಫ್ರೇಮಿನ ನಡುವೆಯೇ ಇಟ್ಟಿದ್ದಾರೆ, ಹಾಗಾಗಿ ಕಣ್ಣು ಅಲೆಯುವುದಿಲ್ಲ. ನಾನೂ ಮೊಬೈಲಿನ ಸ್ಕ್ರೀನ್ ಗಾರ್ಡ್ ಮೇಲೆ ಮಾರ್ಕರ್‌ನಿಂದ ಒಂದು ಚುಕ್ಕೆ ಇಟ್ಟೆ. ಹುಡುಗನ ಮುಖ ಅಲ್ಲೇ ಇರಬೇಕು.

ಡ್ರಮ್ಸ್ ತೆಗೆದುಹಾಕಿದೆ. ಚಪ್ಪಲಿ ಕಲ್ಲಿಗೆ ಬಡಿಯುವ ಸದ್ದು, ಏದುಸಿರು, ದೂರದಲ್ಲೊಂದು ಶಟರ್ ಎತ್ತುವ ಸದ್ದು, ಇಷ್ಟೇ ಉಳಿಸಿದೆ. ಕಟ್‌ಗಳು ಅರ್ಧಕ್ಕಿಂತ ಕಡಿಮೆಯಾದವು.

ಅದೇ ಗೆಳೆಯನಿಗೆ ಮತ್ತೆ ತೋರಿಸಿದೆ. ಈ ಸಲ ಏನೂ ಕೇಳಲಿಲ್ಲ. ಕೊನೆಯ ತಿರುವಿನಲ್ಲಿ ಹುಡುಗ ಎಡಕ್ಕೆ ಹೊರಳುತ್ತಿದ್ದ ಹಾಗೆ ಕೂತಲ್ಲಿಂದ ಮುಂದಕ್ಕೆ ಬಾಗಿ ಕೂಗಿಬಿಟ್ಟ: ‘ಅಯ್ಯೋ, ಆ ಕಡೆ ಬೇಡ ಕಣೋ, ಗೋಡೆ ಇದೆ!’