ಐಸ್ ಹಾಕಿ ಸ್ಕೇಟ್: ಕಾಲಿಗೆ ಸರಿಯಾಗಿ ಕೂರುವ ಜೋಡಿ ಆರಿಸುವುದು ಹೇಗೆ?

ಕಲಬುರಗಿಯಲ್ಲಿ ಐಸ್ ರಿಂಕ್, ಅಂದರೆ ಐಸ್ ಮೇಲೆ ಆಡುವ ಅಂಕಣ, ಇಲ್ಲ. ಬೀದರ್, ಯಾದಗಿರಿಯಲ್ಲೂ ಇಲ್ಲ. ಆದರೂ ಐಸ್ ಸ್ಕೇಟ್ ಬಗ್ಗೆ ಕೇಳುವ ತಂದೆ ತಾಯಿ ಈಗ ಜಾಸ್ತಿಯಾಗಿದ್ದಾರೆ. ರೋಲರ್ ಸ್ಕೇಟಿಂಗ್ ಚೆನ್ನಾಗಿ ಕಲಿತ ಮಕ್ಕಳು ಮುಂದೆ ಐಸ್ ಕಡೆ ನೋಡುವುದು ಸಹಜ. 2025ರಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ಐಸ್ ಹಾಕಿ ತಂಡ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದ ಮೇಲಂತೂ ಹುಡುಗಿಯರೂ ಹುರುಪಿನಿಂದ ಕೇಳುತ್ತಾರೆ. ಕೆಲವರು ರಜೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಿ ಗುರುಗ್ರಾಮದ ರಿಂಕ್‌ನಲ್ಲಿ ಅಭ್ಯಾಸ ಮಾಡುತ್ತಾರೆ. ಕೆಲವರು ಡೆಹ್ರಾಡೂನ್, ಲೇಹ್ ಶಿಬಿರಗಳಿಗೆ ಹೊರಡುತ್ತಾರೆ. ಇನ್ನು ಕೆಲವರ ಮಕ್ಕಳು ಓದಲಿಕ್ಕೆ ಅಂತ ಕೆನಡಾಗೆ ಹೋಗಿ ಅಲ್ಲಿ ಆಟ ಶುರು ಮಾಡುತ್ತಾರೆ.

ಇವರಲ್ಲಿ ಬಹಳ ಜನ ಮಾಡುವ ತಪ್ಪು ಒಂದೇ. ದೊಡ್ಡ ಸ್ಕೇಟ್ ಕೊಳ್ಳುತ್ತಾರೆ.

"ಬೆಳೆಯೋ ಹುಡುಗ ಅದಾನ್ರೀ, ಎರಡು ನಂಬರ್ ದೊಡ್ಡದೇ ಕೊಡ್ರಿ." ಈ ಮಾತು ಶಾಲೆಯ ಶೂಸಿಗೆ ನಡೆಯುತ್ತದೆ, ಸ್ಕೇಟಿಗೆ ನಡೆಯುವುದಿಲ್ಲ. ಎರಡು ನಂಬರ್ ಅಂದರೆ ಸುಮಾರು 17 ಮಿಲಿಮೀಟರ್. ಅಷ್ಟು ಜಾಗ ಬೂಟಿನೊಳಗೆ ಖಾಲಿ ಉಳಿದರೆ ಹಿಮ್ಮಡಿ ಮೇಲೆ ಕೆಳಗೆ ಓಡಾಡುತ್ತದೆ. ಇಡೀ ಮೈಭಾರ ನಿಂತಿರುವುದು ಸುಮಾರು 3 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯ ಮೇಲೆ, ಅಲ್ವಾ? ಹಿಮ್ಮಡಿ ಅಲುಗಿದರೆ ಪಾದದ ಗಂಟು ಒಳಗಡೆ ವಾಲುತ್ತದೆ. ಮಗು ಕಾಲು ನೋವು ಅನ್ನುತ್ತದೆ. ಮನೆಯವರು ಲೇಸನ್ನು ಇನ್ನೂ ಬಿಗಿಯುತ್ತಾರೆ. ಪಾದ ಜೋಮು ಹಿಡಿಯುತ್ತದೆ. ಕೊನೆಗೆ "ಇವನ ಕಾಲಲ್ಲಿ ಬಲ ಇಲ್ಲ" ಅಂತ ಆಟವನ್ನೇ ಬಿಡಿಸುತ್ತಾರೆ. ಕಾಲಲ್ಲಿ ಬಲ ಇರುತ್ತದೆ, ಬೂಟು ಅದನ್ನು ಹಿಡಿದಿರುವುದಿಲ್ಲ ಅಷ್ಟೇ. ಒಳ್ಳೆಯ ಮಕ್ಕಳು ಹೀಗೆ ಆಟ ಬಿಟ್ಟಿದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು: ಯಾವ ಸ್ಕೇಟ್ ಅಂತ ನೋಡಿಕೊಳ್ಳಿ

ಹಾಕಿ ಸ್ಕೇಟಿನ ಬ್ಲೇಡ್ ಮುಂದೆ ಹಿಂದೆ ಎರಡೂ ಕಡೆ ಸ್ವಲ್ಪ ಬಾಗಿರುತ್ತದೆ. ಬ್ಲೇಡಿನ ತುದಿಯಲ್ಲಿ ಹಲ್ಲುಗಳಿದ್ದರೆ ಅದು ಫಿಗರ್ ಸ್ಕೇಟ್, ಹಾಕಿಗೆ ಬೇಡ. ಬೂಟು ಗಿಡ್ಡ, ಬ್ಲೇಡ್ ಉದ್ದ ಇದ್ದರೆ ಅದು ಓಟದ್ದು.

ಗುಂಡಿ ಒತ್ತಿ ಉದ್ದ ಹೆಚ್ಚು ಕಡಿಮೆ ಮಾಡುವ ಸ್ಕೇಟ್ ಬರುತ್ತವಲ್ಲ, ಅವನ್ನು ಕೊಳ್ಳಲೇಬೇಡಿ. ನಾಲ್ಕು ನಂಬರಿಗೆ ಹೊಂದುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಉದ್ದ ಬದಲಾಗುತ್ತದೆ, ಹಿಮ್ಮಡಿ ಕೂರುವ ತಗ್ಗು ಬದಲಾಗುವುದಿಲ್ಲ. ಅಗಲವೂ ಹಾಗೇ ಇರುತ್ತದೆ. ಮನೆ ಮುಂದೆ ಚಕ್ರದ ಸ್ಕೇಟಲ್ಲಿ ಆಡುವ ಸಣ್ಣ ಮಗುವಿಗೆ ಇರಲಿ, ಆಟ ಕಲಿಯುವವರಿಗೆ ಬೇಡ.

ಪಾದ ಅಳೆಯುವುದು

ಸಂಜೆ ಅಳೆಯಿರಿ. ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಜಾಸ್ತಿ. ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಬೇಕು. ಕೂತು ಅಳೆದರೆ ಲೆಕ್ಕ ತಪ್ಪುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಪಾದ ಸಣ್ಣದಾಗಿ ಕಾಣುತ್ತದೆ. ಎರಡೂ ಪಾದ ಅಳೆದು ಉದ್ದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಉದ್ದ, ಮುಂಭಾಗದ ಅಗಲ ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದಿಡಿ. ಟೊರಾಂಟೋದಿಂದ ಬರುವ ಕಾಕಾನ ಕೈಲಿ ತರಿಸುವುದಾದರೆ ಈ ಗೆರೆ ಎಳೆದ ಕಾಗದದ ಮೇಲೆ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿ. "ಅವನಿಗೀಗ ಹನ್ನೊಂದು ವರ್ಷ" ಅಂತ ಹೇಳಿ ಕಳಿಸಿದರೆ ಪಾಪ, ಅವರು ತಾನೇ ಏನು ತರಬೇಕು?

ನಂಬರಿನ ಗೊಂದಲ

ಹಾಕಿ ಸ್ಕೇಟ್ ನಂಬರ್ ಶೂಸಿನ ನಂಬರಿಗಿಂತ ಒಂದರಿಂದ ಒಂದೂವರೆ ಕಡಿಮೆ ಇರುತ್ತದೆ ಅಂತ ಎಲ್ಲ ಕಡೆ ಓದುತ್ತೀರಿ. ಅದು ಅಮೆರಿಕದ ಶೂ ನಂಬರಿನ ಲೆಕ್ಕ. ನಮ್ಮಲ್ಲಿ ಸಾಮಾನ್ಯವಾಗಿ ಶೂಸಿನ ಮೇಲೆ ಇರುವುದು ಬ್ರಿಟನ್ ನಂಬರ್, ಗಂಡಸರ ಅಳತೆಯಲ್ಲಿ ಅದು ಮೊದಲೇ ಸುಮಾರು ಒಂದು ಕಡಿಮೆ ಇರುತ್ತದೆ. ಅಂದರೆ ಇಲ್ಲಿ 8 ನಂಬರ್ ಶೂ ಹಾಕುವವರಿಗೆ ಅಮೆರಿಕದ ನಂಬರ್ 9, ಸ್ಕೇಟ್ ಸುಮಾರು 7.5. ನಮ್ಮ 8ರಿಂದಲೇ ಒಂದೂವರೆ ಕಳೆದು 6.5 ತರಿಸಿದರೆ ಬೆರಳು ಮಡಚಿಕೊಂಡು ಕೂರಬೇಕಾಗುತ್ತದೆ. ಅದಕ್ಕೇ ಸೆಂಟಿಮೀಟರ್ ಹಿಡಿದುಕೊಂಡು ಆಯಾ ಕಂಪನಿಯ ಪಟ್ಟಿಯಲ್ಲೇ ನೋಡಿ. ಹೆಣ್ಣುಮಕ್ಕಳ, ಸಣ್ಣ ಮಕ್ಕಳ ನಂಬರಿಗಂತೂ ಇದೊಂದೇ ದಾರಿ.

ಬೆಳೆಯುವ ಮಗುವಿಗೆ ಅರ್ಧ ನಂಬರ್ ದೊಡ್ಡದು ಕೊಳ್ಳಬಹುದು. ಅದಕ್ಕಿಂತ ಒಂದು ಎಳೆಯೂ ಬೇಡ.

ಅಗಲವನ್ನು ಯಾರೂ ಕೇಳುವುದೇ ಇಲ್ಲ! ಬಾವರ್ ಕಂಪನಿ ಫಿಟ್ 1, ಫಿಟ್ 2, ಫಿಟ್ 3 ಅಂತ ಮೂರು ಆಕಾರ ಮಾಡುತ್ತದೆ. 1 ಸಪೂರ, 3 ಅಗಲ ಮತ್ತು ಆಳ. ಸಿಸಿಎಂ ಕಂಪನಿ ಟೇಪರ್ಡ್ (ಸಪೂರ), ರೆಗ್ಯುಲರ್ (ಸಾಧಾರಣ), ವೈಡ್ (ಅಗಲ) ಅನ್ನುತ್ತದೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಮಕ್ಕಳ ಪಾದ ಎಷ್ಟೋ ಸಲ ಮುಂದೆ ಅಗಲ, ಹಿಮ್ಮಡಿ ಸಣ್ಣ. ಅಗಲ ಸಾಲದೆ ಒತ್ತಿದಾಗ ಜನ ಉದ್ದದ ನಂಬರ್ ಏರಿಸುತ್ತಾರೆ. ಆಗ ಮುಂದೆ ಹಾಯೆನಿಸುತ್ತದೆ, ಹಿಂದೆ ಹಿಮ್ಮಡಿ ಸಡಿಲವಾಗುತ್ತದೆ. ಉದ್ದ ಅಷ್ಟೇ ಇರಲಿ, ಅಗಲ ಮಾತ್ರ ಬದಲಾಯಿಸಿ.

ಹಾಕಿ ನೋಡುವುದು: ಇಲ್ಲಿ ಅವಸರ ಮಾಡಬೇಡಿ

ಎಲ್ಲ ನಿಂತಿರುವುದು ಈ ಹಂತದ ಮೇಲೆ. ಐದು ನಿಮಿಷದಲ್ಲಿ ಮುಗಿಸುವವರೇ ಜಾಸ್ತಿ. ಅರ್ಧ ಗಂಟೆ ಇಟ್ಟುಕೊಳ್ಳಿ. ಅಂಗಡಿಯವರು ಮುಖ ಸಪ್ಪಗೆ ಮಾಡಿದರೂ ಏಳಬೇಡಿ, ದುಡ್ಡು ನಿಮ್ಮದು.

ಕಾಲುಚೀಲ ತೆಳ್ಳಗಿನದು, ಒಂದೇ ಜೋಡಿ. ಆಟಕ್ಕೆ ಯಾವುದು ಹಾಕುತ್ತೀರೋ ಅದನ್ನೇ ಒಯ್ಯಿರಿ. ಲೇಹ್ ಚಳಿಗೆ ಅಂತ ಎರಡು ಉಣ್ಣೆ ಚೀಲ ಹಾಕಿಸುತ್ತಾರೆ. ಬೂಟು ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಲೇಸನ್ನು ಕೆಳಗಿನ ತೂತಿನವರೆಗೂ ಪೂರ್ತಿ ಸಡಿಲಿಸಿ. ಬೂಟಿನ ನಾಲಿಗೆಯನ್ನು ಮುಂದಕ್ಕೆ ಎಳೆದು ಪಾದ ಒಳಗೆ ಹಾಕಿ. ಲೇಸ್ ಕಟ್ಟದೆ ಬೆರಳುಗಳನ್ನು ಮುಂದಕ್ಕೆ ತಳ್ಳಿ, ತುದಿಗೆ ಮುಟ್ಟಬೇಕು. ಈಗ ಹಿಮ್ಮಡಿಯ ಹಿಂದೆ ಒಂದು ಬೆರಳು ಕಷ್ಟಪಟ್ಟು ಇಳಿದರೆ ಸರಿ. ಎರಡು ಬೆರಳು ಸಲೀಸಾಗಿ ಇಳಿದರೆ ದೊಡ್ಡದಾಯಿತು, ಅಲ್ಲಿಗೇ ತೆಗೆದಿಡಿ.

ಆಮೇಲೆ ಪೆನ್ಸಿಲ್ ಪರೀಕ್ಷೆ. ಹಿಮ್ಮಡಿಯನ್ನು ಹಿಂದಕ್ಕೆ ತಂದು ಕೂರಿಸಿ, ನಾಲಿಗೆಯನ್ನು ಮುಂದಕ್ಕೆ ಮಡಚಿಟ್ಟು, ಮೇಲಿನಿಂದ ಮೂರನೇ ಜೋಡಿ ತೂತುಗಳ ಮೇಲೆ ಅಡ್ಡವಾಗಿ ಪೆನ್ಸಿಲ್ ಇಡಿ. ಅದು ಎರಡೂ ಕಡೆ ತೂತುಗಳ ಸಾಲಿಗೆ ತಾಗಿ ಮಲಗಬೇಕು. ಪಾದದ ಉಬ್ಬು ಪೆನ್ಸಿಲನ್ನು ಎತ್ತಿ ಹಿಡಿದಿದ್ದರೆ ಬೂಟಿನ ಆಳ ಸಾಲದು. ಅಂಥ ಬೂಟಿನಲ್ಲಿ ಲೇಸ್ ಪಾದದ ಮೇಲಿನ ನರಕ್ಕೆ ಒತ್ತಿ ನೋವು ಶುರುವಾಗುತ್ತದೆ. ಎಷ್ಟು ದಿನ ಹಾಕಿದರೂ ಅದು ಹೋಗುವುದಿಲ್ಲ.

ಈಗ ಕಟ್ಟುವುದು. ಕೂತುಕೊಂಡು ಹಿಮ್ಮಡಿಯನ್ನು ನೆಲದ ರಬ್ಬರ್ ಚಾಪೆಗೆ ನಾಲ್ಕೈದು ಸಲ ಕುಟ್ಟಿ, ಬೆರಳು ಮೇಲಕ್ಕೆ ಇರಲಿ. ಪಾದ ಹಿಂದಕ್ಕೆ ಹೋಗಿ ಹಿಮ್ಮಡಿಯ ತಗ್ಗಿನಲ್ಲಿ ಕೂರುತ್ತದೆ. ಬಹಳ ಜನ ಇದನ್ನು ಬಿಟ್ಟು ಕಟ್ಟಿಬಿಡುತ್ತಾರೆ, ಆಮೇಲೆ ಬೆರಳು ಒತ್ತುತ್ತದೆ ಅಂತ ದೂರುತ್ತಾರೆ. ಬೆರಳಿನ ಹತ್ತಿರದ ಎರಡು ಮೂರು ತೂತು ಸಡಿಲ ಇರಲಿ. ನಡುವಿನವು, ಅಂದರೆ ಪಾದ ಬಾಗುವ ಕಡೆಯವು, ಗಟ್ಟಿಯಾಗಿ ಬಿಗಿಯಬೇಕು. ಹಿಮ್ಮಡಿಯನ್ನು ಹಿಡಿದಿಡುವುದು ಆ ಜಾಗವೇ. ಮೇಲಿನವು ಮಧ್ಯಮ. ಮಂಡಿ ಬಗ್ಗಿಸಿದರೆ ಬೂಟಿನ ಕುತ್ತಿಗೆ ಜೊತೆಗೆ ಬಾಗಬೇಕು. ಉಳಿದ ಲೇಸನ್ನು ಕಾಲಿಗೆ ಸುತ್ತಿ ಕಟ್ಟುವ ಅಭ್ಯಾಸ ಇದೆಯಲ್ಲ, ದಯವಿಟ್ಟು ಬೇಡ. ಹಿಂದಿನ ನರ ಒತ್ತುತ್ತದೆ, ಬೂಟೂ ಹಾಳು. ಲೇಸ್ ಉದ್ದವಾಗಿದ್ದರೆ ಗಿಡ್ಡದು ತನ್ನಿ.

ಕಟ್ಟಿದ ಮೇಲೆ ಎರಡು ಸಾಲು ತೂತುಗಳನ್ನು ಮೇಲಿನಿಂದ ನೋಡಿ. ನಡುವೆ ಹೆಚ್ಚುಕಡಿಮೆ ಒಂದೇ ಅಂತರ ಇರಬೇಕು. ಎರಡು ಸಾಲೂ ಕೂಡಿಕೊಳ್ಳುವ ಹಾಗೆ ಹತ್ತಿರ ಬಂದರೆ ಬೂಟು ಅಗಲ ಜಾಸ್ತಿ.

ಎದ್ದು ನಿಲ್ಲಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಿನ ಕವಚಕ್ಕೆ ಸುಮ್ನೆ ಸವರಿದ ಹಾಗಿರಬೇಕು. ಮಂಡಿ ಬಗ್ಗಿಸಿ ಆಟದ ಭಂಗಿಗೆ ಬಂದರೆ ಬೆರಳು ಸ್ವಲ್ಪ ಹಿಂದೆ ಸರಿಯಬೇಕು. ಬಗ್ಗಿದಾಗಲೂ ಬೆರಳು ಮಡಚಿಯೇ ಇದ್ದರೆ ಸಣ್ಣದಾಯಿತು. ನಿಂತೇ ನೋಡಿ "ಅಪ್ಪಾ, ಬೆರಳು ತಾಗ್ತದ" ಅಂತ ಮಗು ಅಂದ ಕೂಡಲೇ ದೊಡ್ಡದು ತರಿಸಬೇಡಿ. ಬಗ್ಗಿಸಿ ನೋಡಿ. ಇನ್ನೊಬ್ಬರು ಬೂಟಿನ ಹಿಂಭಾಗ ಹಿಡಿದುಕೊಂಡಿರಲಿ, ಮಗು ಹಿಮ್ಮಡಿ ಎತ್ತಲು ನೋಡಲಿ. ಒಳಗೆ ಹಿಮ್ಮಡಿ ಎದ್ದರೆ ಆ ಜೋಡಿ ಬೇಡ. ಬಣ್ಣ ಚೆಂದ ಇದ್ದರೂ ಬೇಡ, ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಈಗ ಹಾಕಿಕೊಂಡೇ ಒಂದು ಹದಿನೈದು ನಿಮಿಷ ಕೂರಿ. ಹೊಸ ಸ್ಕೇಟು ಪಾದದ ಸುತ್ತ ಎಲ್ಲ ಕಡೆ ಒಂದೇ ಸಮ ಬಿಗಿ ಅನಿಸಬೇಕು, ಬೇಕಾದವರು ಗಟ್ಟಿಯಾಗಿ ಕೈ ಹಿಡಿದ ಹಾಗೆ. ಒಂದೇ ಜಾಗದಲ್ಲಿ ಚುಚ್ಚಿದರೆ, ಬೆರಳು ಜೋಮು ಹಿಡಿದರೆ ಅದು ಬೇರೆ ಮಾತು. ಬಿಚ್ಚಿದ ಮೇಲೆ ಕಾಲುಚೀಲ ತೆಗೆದು ಪಾದ ನೋಡಿ. ಎಲ್ಲ ಕಡೆ ತಿಳಿ ಕೆಂಪು ಇದ್ದರೆ ಚಿಂತೆಯಿಲ್ಲ. ಗಂಟಿನ ಮೂಳೆ ಮೇಲೆ, ಕಿರುಬೆರಳಿನ ಬುಡದಲ್ಲಿ ಒಂದೇ ಗಾಢ ಕೆಂಪು ಚುಕ್ಕೆ ಎದ್ದಿದ್ದರೆ ಗುರುತು ಮಾಡಿಕೊಳ್ಳಿ. ಒಳ್ಳೆಯ ಅಂಗಡಿಯಲ್ಲಿ ಆ ಒಂದು ಜಾಗವನ್ನು ಮಾತ್ರ ಬಿಸಿ ಮಾಡಿ ಹಿಗ್ಗಿಸಿ ಕೊಡುತ್ತಾರೆ. ಅಷ್ಟಕ್ಕೆ ನಂಬರ್ ಬದಲಾಯಿಸುವುದು ಬೇಡ.

ಹಾಕಿ ನೋಡುವ ಅವಕಾಶವೇ ಇಲ್ಲದೆ ಆನ್‌ಲೈನ್‌ನಲ್ಲಿ ತರಿಸುವವರು ವಾಪಸ್ ತೆಗೆದುಕೊಳ್ಳುವ ನಿಯಮ ಮೊದಲು ಓದಿ. ಬ್ಲೇಡಿಗೆ ಸಾಣೆ ಹಿಡಿಸಬೇಡಿ, ಕೋಣೆಯಲ್ಲೇ ಕಂಬಳಿ ಹಾಸಿ ಮೇಲಿನ ಎಲ್ಲ ಪರೀಕ್ಷೆ ಮಾಡಿ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲದ ಮೇಲೆ ಗಾರ್ಡ್ (ಬ್ಲೇಡಿಗೆ ಹಾಕುವ ಕವಚ) ಇಲ್ಲದೆ ಎರಡು ಹೆಜ್ಜೆ ಇಟ್ಟರೂ ಬ್ಲೇಡಿನ ಅಂಚು ಹೋಯಿತು, ವಾಪಸ್ ಮಾಡುವ ಮಾತೂ ಹೋಯಿತು.

ಬಿಸಿ ಮಾಡಿ ಕೂರಿಸುವುದು

ಬಹಳಷ್ಟು ಒಳ್ಳೆಯ ಬೂಟುಗಳನ್ನು ಅಂಗಡಿಯ ಓವನ್‌ನಲ್ಲಿ ಸುಮಾರು 80 ಡಿಗ್ರಿಗೆ ಕೆಲವೇ ನಿಮಿಷ ಕಾಯಿಸಿ, ಬಿಸಿಯಿರುವಾಗಲೇ ಕಾಲಿಗೆ ಹಾಕಿ ಕಟ್ಟುತ್ತಾರೆ. ಮೆತ್ತಗಾದ ಬೂಟು ಪಾದದ ಆಕಾರ ಹಿಡಿಯುತ್ತದೆ. ಕಟ್ಟುವಾಗ ಲೇಸನ್ನು ಮೇಲಕ್ಕೆ ಜಗ್ಗದೆ ಪಕ್ಕಕ್ಕೆ ಎಳೆಯಬೇಕು, ಇಲ್ಲದಿದ್ದರೆ ತೂತುಗಳು ಕಿತ್ತು ಬರುತ್ತವೆ. ಹತ್ತು ಹದಿನೈದು ನಿಮಿಷ ಅಲ್ಲಾಡದೆ ಕೂರಬೇಕು, ಎದ್ದು ನಿಲ್ಲಬಾರದು. ಆಮೇಲೆ ಒಂದು ದಿನ ಬಿಟ್ಟು ಐಸಿಗೆ ಇಳಿಯಿರಿ. ತಪ್ಪು ನಂಬರಿನ ಬೂಟನ್ನು ಇದು ಸರಿ ಮಾಡುವುದಿಲ್ಲ. ಅಗ್ಗದ ಬೂಟುಗಳಿಗಂತೂ ಕಾಯಿಸುವುದೇ ಇಲ್ಲ, ಕಂಪನಿ ಏನು ಹೇಳಿದೆ ನೋಡಿ.

ಊರಲ್ಲಿ ಪರಿಚಯದ ಬೇಕರಿ ಇದೆ, ಅಲ್ಲೇ ಕಾಯಿಸಿಬಿಡೋಣ ಅನ್ನುವವರಿದ್ದಾರೆ. ಬ್ರೆಡ್ ಬೇಯುವ ಶಾಖಕ್ಕೆ ಅಂಟು ಕರಗಿ ತಳ ಬಿಡುತ್ತದೆ. ಹಾಗೇ ಮೇ ತಿಂಗಳ ಬಿಸಿಲಲ್ಲಿ, ಹೊರಗೆ 42 ಡಿಗ್ರಿ ಇರುವಾಗ, ಮುಚ್ಚಿದ ಕಾರಿನಲ್ಲಿ ಸ್ಕೇಟ್ ಬಿಟ್ಟು ಹೋಗಬೇಡಿ. ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ, ಕೂಡಿಸಿದ ಆಕಾರ ಕೆಡುತ್ತದೆ.

ಸಾಣೆ

ಹೊಸ ಸ್ಕೇಟಿನ ಬ್ಲೇಡ್ ಸಾಮಾನ್ಯವಾಗಿ ಮೊಂಡಾಗಿಯೇ ಬರುತ್ತದೆ. ರಿಂಕ್‌ನಲ್ಲಿ ಸಾಣೆ ಹಿಡಿಸಿ. ಹೊಸಬರಿಗೆ 1/2 ಇಂಚು (ಬ್ಲೇಡಿನ ಅಡಿಯ ತೋಡಿನ ಬಾಗಿನ ತ್ರಿಜ್ಯ) ಅಂತ ಹೇಳಿ, ಸಾಕು. ಬೀದಿಯಲ್ಲಿ ಬರುವ ಚಾಕು ಸಾಣೆಯವರ ಕೈಗೆ ಮಾತ್ರ ಕೊಡಬೇಡಿ. ಅವರ ಕೈಚಳಕ ದೊಡ್ಡದೇ, ಆದರೆ ಈ ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಒಂದು ತೋಡು ಇರುತ್ತದೆ, ಅದರ ಎರಡು ಅಂಚುಗಳೇ ಐಸನ್ನು ಹಿಡಿಯುವುದು. ಚಾಕುವಿನ ಚಕ್ರಕ್ಕೆ ಹಿಡಿದರೆ ತೋಡು ಸವೆದು ಬ್ಲೇಡ್ ಜಾರುಪಟ್ಟಿಯಾಗುತ್ತದೆ.

ಆಡಿ ಬಂದ ಮೇಲೆ ಬ್ಲೇಡನ್ನು ಒಣ ಬಟ್ಟೆಯಿಂದ ಒರೆಸಿ. ಪ್ಲಾಸ್ಟಿಕ್ ಗಾರ್ಡ್ ನಡೆಯುವಾಗ ಮಾತ್ರ, ಅದನ್ನೇ ಹಾಕಿಟ್ಟರೆ ತೇವಕ್ಕೆ ತುಕ್ಕು. ಒಳಗಿನ ಅಟ್ಟೆ ತೆಗೆದು ನೆರಳಲ್ಲಿ ಒಣಗಿಸಿ.

ಮಕ್ಕಳಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ಆ ಅಟ್ಟೆಯನ್ನು ನೆಲಕ್ಕಿಟ್ಟು ಮೇಲೆ ನಿಲ್ಲಿಸಿ ನೋಡಿ. ಹಿಮ್ಮಡಿ ಸರಿಯಾಗಿ ಇಟ್ಟಾಗ ಬೆರಳು ಅಂಚು ದಾಟುತ್ತಿದ್ದರೆ ಮುಂದಿನ ಅರ್ಧ ನಂಬರಿಗೆ ಹೋಗುವ ಹೊತ್ತು ಬಂತು. ಹಳೆಯ ಜೋಡಿಯನ್ನು ಅಟ್ಟಕ್ಕೆ ಹಾಕಬೇಡಿ, ಅದೇ ಶಿಬಿರಕ್ಕೆ ಹೋಗುವ ಇನ್ನೊಂದು ಮಗುವಿಗೆ ಕೊಡಿ. ಕೊಡುವ ಮುಂಚೆ ಆ ಮಗುವಿನ ಪಾದವನ್ನೂ ಅಳೆದೇ ಕೊಡಿ.