ಒಮ್ಮೆ ತಂದದ್ದನ್ನು ಮನೆಯಲ್ಲೇ ಇಟ್ಟುಕೊಂಡ ಬಗೆ

ಶಿರಸಿಯ ಹತ್ತಿರದ ನಮ್ಮ ಹಳ್ಳಿಮನೆಗೆ 2009ರಲ್ಲಿ ಫೋನ್ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಬಂತು. ವೇಗ 256 ಕೆಬಿಪಿಎಸ್. ಒಂದು ಎಂಬಿ ಇಳಿಯಬೇಕಾದರೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಬೇಕು. ತಿಂಗಳಿಗೆ 1 ಜಿಬಿ ಮಿತಿ, ಮೀರಿದರೆ ಎಂಬಿ ಲೆಕ್ಕದಲ್ಲಿ ಬಿಲ್ಲು. ಮನೆಯಲ್ಲಿದ್ದ ಎರಡು ಕಂಪ್ಯೂಟರ್‌ಗಳಲ್ಲಿ ಒಂದು ನನ್ನದು, ಒಂದು ತಮ್ಮನದು, ಎರಡರಲ್ಲೂ ವಿಂಡೋಸ್ ಎಕ್ಸ್‌ಪಿ. ತಿದ್ದುಪಡಿಗಳ ಕಟ್ಟಾದ ಅದರ ಮೂರನೆಯ ಸರ್ವಿಸ್ ಪ್ಯಾಕ್‌ನ ಪೂರ್ತಿ ಕಡತ 316 ಎಂಬಿ ಇತ್ತು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇಬ್ಬರೂ ಅದನ್ನು ಒಂದೇ ವಾರದಲ್ಲಿ ಇಳಿಸಿಕೊಂಡೆವು. ತಿಂಗಳ ಪಾಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಅಲ್ಲಿಗೇ ತೀರಿತು. ಒಂದೇ ಸೂರಿನ ಕೆಳಗೆ ಒಂದೇ ವಸ್ತುವಿಗೆ ಎರಡು ಸಲ ದುಡ್ಡು ತೆತ್ತೆವಲ್ಲ ಎಂಬ ಸಂಕಟ ನನ್ನನ್ನು ಕೂರಲು ಬಿಡಲಿಲ್ಲ.

ಅಟ್ಟದ ಮೇಲೆ ದೂಳು ತಿನ್ನುತ್ತಿದ್ದ ಪೆಂಟಿಯಂ 3 ಕಂಪ್ಯೂಟರನ್ನು ಕೆಳಗಿಳಿಸಿ, ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಸ್ಕ್ವಿಡ್ ಕೂರಿಸಿದೆ. ಸ್ಕ್ವಿಡ್ 1996ರಿಂದ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ, ಬ್ರೌಸರ್ ಮತ್ತು ಜಾಲತಾಣದ ನಡುವೆ ನಿಲ್ಲುವ ಮಧ್ಯವರ್ತಿ, ಅಂದರೆ ಪ್ರಾಕ್ಸಿ. ಬ್ರೌಸರ್ ನೇರವಾಗಿ ಹೊರಗಿನ ಜಾಲತಾಣವನ್ನು ಕೇಳದೆ ಸ್ಕ್ವಿಡ್‌ನ 3128ನೇ ಪೋರ್ಟನ್ನು, ಅಂದರೆ ಯಂತ್ರದಲ್ಲಿ ಅದಕ್ಕೆಂದೇ ಇರುವ ಬಾಗಿಲನ್ನು, ಕೇಳುತ್ತದೆ. ತನ್ನ ಬಳಿ ಪ್ರತಿ ಇದ್ದರೆ ಅದು ಅಲ್ಲಿಂದಲೇ ಕೊಡುತ್ತದೆ, ಇಲ್ಲದಿದ್ದರೆ ಹೊರಗಿನಿಂದ ತಂದುಕೊಟ್ಟು ಒಂದು ಪ್ರತಿಯನ್ನು ತನ್ನ ಸಂಗ್ರಹದಲ್ಲಿ, ಅಂದರೆ ಕ್ಯಾಶ್‌ನಲ್ಲಿ, ಎತ್ತಿಡುತ್ತದೆ. ಪ್ರತಿ ಹಳತಾಯಿತೆಂದು ಕಂಡರೆ 'ಇದು ಬದಲಾಗಿದೆಯೇ' ಎಂದಷ್ಟೇ ಮೂಲವನ್ನು ವಿಚಾರಿಸುತ್ತದೆ. ಬದಲಾಗಿಲ್ಲವಾದರೆ 304 ಎಂಬ ಸಣ್ಣ ಉತ್ತರ ಬರುತ್ತದೆ, ಕಡತ ಮತ್ತೆ ಇಳಿಯುವುದಿಲ್ಲ.

ಮೊದಲ ಸಂಜೆ, ಸ್ಕ್ವಿಡ್ ಪ್ರತಿ ಕೋರಿಕೆಗೂ ಒಂದು ಸಾಲು ಬರೆಯುವ ಲಾಗ್ ಕಡತದ ಬಾಲಕ್ಕೆ ಕಣ್ಣು ನೆಟ್ಟು ಕುಳಿತೆ. ನನ್ನ ಕಂಪ್ಯೂಟರಿನಲ್ಲಿ ಕನ್ನಡ ಪತ್ರಿಕೆಯೊಂದರ ಪುಟ ತೆರೆದೆ. ಮುಖಪುಟದ ದೊಡ್ಡ ಚಿತ್ರಕ್ಕೆ 'ಟಿಸಿಪಿ ಮಿಸ್' (ಬಳಿ ಇಲ್ಲ, ಹೊರಗಿನಿಂದ ತಂದದ್ದು) ಎಂಬ ಸಾಲು ಬಿತ್ತು, ಸುಮಾರು 140 ಕೆಬಿ, 4,700 ಮಿಲಿಸೆಕೆಂಡ್. ತಮ್ಮನನ್ನು ಕರೆದು ಅವನ ಕಂಪ್ಯೂಟರಿನಲ್ಲೂ ಅದೇ ಪುಟ ತೆರೆಯಲು ಹೇಳಿದೆ. ಈ ಸಲ ಅದೇ ಚಿತ್ರದ ಮುಂದೆ 'ಟಿಸಿಪಿ ಹಿಟ್' (ಬಳಿಯೇ ಸಿಕ್ಕಿತು), 6 ಮಿಲಿಸೆಕೆಂಡ್. ಆ ಒಂದು ಸಾಲನ್ನು ನೋಡಿದಾಗ ಆದ ಸಂತೋಷ ಇಂದಿಗೂ ಹಸಿಯಾಗಿದೆ.

ಸಂರಚನೆಯಲ್ಲಿ ಬೆವರು ಹರಿಸಬೇಕಾದ ಕಡೆ ಕೆಲವೇ. ಮನೆಯ ಒಳಗಿನ ಐಪಿ ವಿಳಾಸಗಳಿಗೆ ಮಾತ್ರ ಅನುಮತಿ ಕೊಟ್ಟು ಉಳಿದವರಿಗೆಲ್ಲ ನಿರಾಕರಿಸುವ ಸಾಲು ಇರಲೇಬೇಕು. ಹೊರಗಿನವರಿಗೆ ತೆರೆದುಕೊಂಡ ಪ್ರಾಕ್ಸಿ ಎಂದರೆ ಬೀದಿಗೆ ಬಾಗಿಲು ತೆಗೆದಿಟ್ಟ ಮನೆ. ಡಿಸ್ಕಿನ ಜಾಗವನ್ನೂ ಅಳೆದೇ ಕೊಡಬೇಕು. 32 ಬಿಟ್ ಯಂತ್ರದಲ್ಲಿ ಪ್ರತಿ 1 ಜಿಬಿ ಕ್ಯಾಶ್‌ಗೆ ಯಾವ ಪ್ರತಿ ಎಲ್ಲಿದೆ ಎಂಬ ಸೂಚಿಯನ್ನು ಹಿಡಿದಿಡಲೆಂದೇ ಸ್ಕ್ವಿಡ್‌ಗೆ ಸುಮಾರು 10 ಎಂಬಿ ರ‍್ಯಾಮ್ ಬೇಕು, 64 ಬಿಟ್‌ನಲ್ಲಿ ಸುಮಾರು 14 ಎಂಬಿ. ನನ್ನ ಯಂತ್ರದಲ್ಲಿದ್ದದ್ದು 512 ಎಂಬಿ ರ‍್ಯಾಮ್, ಆದ್ದರಿಂದ 8 ಜಿಬಿಗೇ ನಿಲ್ಲಿಸಿದೆ. ಇನ್ನೊಂದು, ಕ್ಯಾಶ್‌ನಲ್ಲಿ ಇಡಬಹುದಾದ ಕಡತದ ಗರಿಷ್ಠ ಗಾತ್ರ. ಈಗಿನ ಆವೃತ್ತಿಗಳಲ್ಲಿ ಇದು ತಾನಾಗಿ ಬರುವುದು ಬರೀ 4 ಎಂಬಿ. ಸಣ್ಣ ಚಿತ್ರಗಳು ಉಳಿಯುತ್ತವೆ, ನಿಜವಾಗಿ ಹಣ ತಿನ್ನುವ ದೊಡ್ಡ ಕಡತಗಳು ಉಳಿಯುವುದೇ ಇಲ್ಲ. ಅದನ್ನು 400 ಎಂಬಿಗೆ ಏರಿಸಿದೆ. ಹಳೆಯದನ್ನು ಹೊರಹಾಕುವ ನೀತಿಯನ್ನೂ ಗಾತ್ರ ನೋಡದೆ ಹೆಚ್ಚು ಬೇಡಿಕೆಯ ಕಡತಗಳನ್ನು ಉಳಿಸಿಕೊಳ್ಳುವ ಎಲ್‌ಎಫ್‌ಯುಡಿಎಗೆ ಬದಲಿಸಿದೆ. ನೂರು ಕೋರಿಕೆಗಳಲ್ಲಿ ಎಷ್ಟು ಮನೆಯಲ್ಲೇ ಸಿಕ್ಕವು ಎಂಬ ಲೆಕ್ಕ ಬೇರೆ, ನೂರು ಎಂಬಿಯಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕ ಬೇರೆ. ಬಿಲ್ಲು ಬರುವುದು ಎರಡನೆಯದಕ್ಕೆ.

ಇಲ್ಲೇ ಒಂದು ತಪ್ಪು ಮಾಡಿದೆ, ಅದನ್ನು ಬಿಡಿಸಿಯೇ ಹೇಳುತ್ತೇನೆ. ವಿಂಡೋಸ್ ತನ್ನ ಅಪ್‌ಡೇಟ್‌ಗಳನ್ನು ತುಂಡು ತುಂಡಾಗಿ ಕೇಳುತ್ತದೆ. ಸ್ಕ್ವಿಡ್ ತುಂಡುಗಳನ್ನು ಎತ್ತಿಡಲಾರದು, ಅದಕ್ಕೆ ಇಡೀ ಕಡತವೇ ಬೇಕು. ಹಾಗಾಗಿ ಯಾರಾದರೂ ತುಂಡು ಕೇಳಿದರೂ ಇಡಿಯಾಗಿಯೇ ತರಬೇಕು, ಕೇಳಿದವರು ನಡುವೆ ಕೈಬಿಟ್ಟರೂ ಕೊನೆಯವರೆಗೆ ಇಳಿಸಬೇಕು ಎಂದು ಎರಡು ಸಾಲು ಬರೆದೆ. ಎರಡನೆಯದರ ಹೆಸರು 'ಕ್ವಿಕ್ ಅಬಾರ್ಟ್ ಮಿನ್', ಬೆಲೆ ಮೈನಸ್ ಒಂದು. ಕೆಲವು ದಿನಗಳ ನಂತರ ರಾತ್ರಿ ನೀರು ಕುಡಿಯಲೆಂದು ಎದ್ದೆ. ಜಗಲಿಯ ಕತ್ತಲೆಯಲ್ಲಿ ಮೋಡೆಮ್‌ನ ಹಸಿರು ದೀಪ ಒಂದೇ ಸಮನೆ ಮಿನುಗುತ್ತಿತ್ತು. ಎರಡೂ ಕಂಪ್ಯೂಟರ್‌ಗಳು ಆರಿದ್ದವು. ಲಾಗ್‌ನಲ್ಲಿ ಹೊಸದೇನೂ ಕಾಣಲಿಲ್ಲ, ಏಕೆಂದರೆ ಕೇಳಿದವರ ಕೋರಿಕೆ ಮುಗಿದಾಗ ಮಾತ್ರ ಅಲ್ಲಿ ಸಾಲು ಬೀಳುವುದು, ಆಮೇಲೆ ಸ್ಕ್ವಿಡ್ ತಾನೇ ಇಳಿಸುತ್ತಿರುವುದಕ್ಕೆ ಬೀಳುವುದಿಲ್ಲ. ತಮ್ಮ ಮಲಗುವ ಮುನ್ನ ದೊಡ್ಡದೊಂದು ಕಡತವನ್ನು ಇಳಿಸಲು ಹಚ್ಚಿ, ಬಹಳ ಹೊತ್ತಾಗುತ್ತದೆಂದು ನಿಲ್ಲಿಸಿ, ಕಂಪ್ಯೂಟರ್ ಆರಿಸಿ ಹೋಗಿದ್ದ. ಸ್ಕ್ವಿಡ್ ಮಾತ್ರ ನನ್ನ ಆಜ್ಞೆಯನ್ನು ತಪ್ಪದೆ ಪಾಲಿಸುತ್ತ ಅದನ್ನು ಇಳಿಸುತ್ತಲೇ ಇತ್ತು. ಬೆಳಗ್ಗೆ ಆ ಎರಡೂ ಸಾಲುಗಳನ್ನು ತೆಗೆದುಹಾಕಿದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಳನ್ನು ಒಂದು ಕಡೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯುವುದೇ ಮೇಲು ಎಂದು ತೀರ್ಮಾನಿಸಿದೆ. ಯಾವ ಸಾಲನ್ನೂ ಎಲ್ಲಿಂದಲೋ ಎತ್ತಿ ತಂದು ಅಂಟಿಸಬೇಡಿ, ಮಿತಿಯಿರುವ ಸಂಪರ್ಕದಲ್ಲಂತೂ ಬೇಡವೇ ಬೇಡ.

ಮಲೆನಾಡಿನ ಮಳೆಗಾಲ ಇನ್ನೊಂದು ಪಾಠ ಕಲಿಸಿತು. ಕರೆಂಟು ಹೋದಾಗ ಯಂತ್ರ ಥಟ್ಟನೆ ಆರಿದರೆ, ಮತ್ತೆ ಎದ್ದಾಗ ಸ್ಕ್ವಿಡ್ ತನ್ನ ಸೂಚಿಯನ್ನು ಮೊದಲಿನಿಂದ ಕಟ್ಟಿಕೊಳ್ಳುತ್ತದೆ, ಹಳೆಯ ಡಿಸ್ಕ್ ಕರಕರ ಎನ್ನುತ್ತದೆ. ಸರಿಯಾಗಿ ಆರಿಸಿದರೂ ಬಾಕಿ ಕೋರಿಕೆಗಳಿಗಾಗಿ ಅದು 30 ಸೆಕೆಂಡ್ ಕಾಯುತ್ತದೆ. ನನ್ನ ಸಣ್ಣ ಯುಪಿಎಸ್‌ಗೆ ಅದೂ ದುಬಾರಿ, 5ಕ್ಕೆ ಇಳಿಸಿದೆ. ಗುಡುಗು ಶುರುವಾದರೆ ಫೋನ್ ತಂತಿಯನ್ನೇ ಕಳಚಿಡುತ್ತಿದ್ದೆವು.

ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಲಾಗ್‌ನಲ್ಲಿ 'ಹಿಟ್'ಗಳು ಕಡಿಮೆಯಾಗುತ್ತ 'ಕನೆಕ್ಟ್' ಎಂಬ ಸಾಲುಗಳು ತುಂಬತೊಡಗಿದವು. ತಾಣಗಳು ಎಚ್‌ಟಿಟಿಪಿಎಸ್‌ಗೆ ಹೋಗುತ್ತಿದ್ದವು. ವಿಕಿಪೀಡಿಯ 2015ರಲ್ಲಿ ಪೂರ್ತಿಯಾಗಿ ಬದಲಾಯಿತು, 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಹಳೆಯ ಎಚ್‌ಟಿಟಿಪಿ ತಾಣಗಳನ್ನೆಲ್ಲ 'ಸುರಕ್ಷಿತವಲ್ಲ' ಎಂದು ತೋರಿಸತೊಡಗಿತು. ಎಚ್‌ಟಿಟಿಪಿಎಸ್ ಎಂದರೆ ಬ್ರೌಸರ್‌ನಿಂದ ತಾಣದವರೆಗೆ ಮುಚ್ಚಿದ ಕೊಳವೆ. ಪ್ರಾಕ್ಸಿಗೆ ತಾಣದ ಹೆಸರು ಗೊತ್ತಾಗುತ್ತದೆ, ಒಳಗೆ ಹರಿಯುವುದು ಕಾಣುವುದಿಲ್ಲ. ಕಾಣದ್ದನ್ನು ಎತ್ತಿಡುವುದು ಹೇಗೆ?

ಆ ಕೊಳವೆಯನ್ನು ಕೊಯ್ದು ನೋಡುವ ದಾರಿಯೂ ಸ್ಕ್ವಿಡ್‌ನಲ್ಲಿದೆ. ತಾಣದ ಗುರುತಿಗೆ ಸಾಕ್ಷಿಯಾಗುವ ಪ್ರಮಾಣಪತ್ರವನ್ನು ನಾವೇ ತಯಾರಿಸಿ ಮನೆಯ ಎಲ್ಲ ಸಾಧನಗಳಲ್ಲಿ ನಂಬಿಸಿಬಿಟ್ಟರೆ ಸಾಕು. ನಾನು ಆ ದಾರಿ ಹಿಡಿಯಲಿಲ್ಲ, ಹಿಡಿಯುವವರನ್ನು ತಡೆಯುತ್ತೇನೆ ಕೂಡ. ಅತ್ತಿಗೆಯ ಬ್ಯಾಂಕಿನ ಗುಪ್ತಪದ, ಮಕ್ಕಳ ಪತ್ರ, ವೈದ್ಯರಿಗೆ ಕೇಳಿದ ಪ್ರಶ್ನೆ ಎಲ್ಲವೂ ಅಟ್ಟದಿಂದ ಇಳಿಸಿದ ಒಂದು ಹಳೆಯ ಯಂತ್ರದಲ್ಲಿ ಬಿಚ್ಚಿಕೊಳ್ಳುತ್ತವೆ. ನಾಲ್ಕು ಎಂಬಿ ಉಳಿತಾಯಕ್ಕೆ ಆ ಬೆಲೆ ಕೊಡಬಾರದು. ಬರಿಯ ತಾಣದ ಹೆಸರುಗಳಿರುವ ಲಾಗ್ ಕೂಡ ಮನೆಮಂದಿಯ ದಿನಚರಿಯೇ. ಲೆಕ್ಕ ಹಾಕುವ ವಾರ ಮಾತ್ರ ಅದನ್ನು ಬರೆಸಿ, ಉಳಿದಂತೆ ನಿಲ್ಲಿಸಿಬಿಟ್ಟೆ.

ಹಾಗಾದರೆ ಮನೆಯಲ್ಲಿ ಎತ್ತಿಡಲು ಈಗ ಏನು ಉಳಿದಿದೆ? ನನ್ನ ಮಟ್ಟಿಗೆ, ಲಿನಕ್ಸ್ ಪ್ಯಾಕೇಜುಗಳು, ಅಂದರೆ ಲಿನಕ್ಸ್‌ಗೆ ತಂತ್ರಾಂಶ ಬರುವ ಕಟ್ಟುಗಳು. ಫೋನ್ ತಂತಿಯ ಕಾಲ ಮುಗಿದು ಈಗ 4ಜಿ ರೂಟರ್ ಇದೆ. ದಿನಕ್ಕೆ 2 ಜಿಬಿ, ಅದು ತೀರಿದರೆ ಆಮೆಯ ನಡಿಗೆ. ಮೂರು ಲ್ಯಾಪ್‌ಟಾಪ್‌ಗಳಲ್ಲಿ ಉಬುಂಟು. ಡೆಬಿಯನ್, ಉಬುಂಟು ಪ್ಯಾಕೇಜುಗಳ ಪಟ್ಟಿಗೆ ಸಹಿ ಇರುತ್ತದೆ, ಪ್ರತಿ ಕಡತದ ಗುರುತು ಆ ಪಟ್ಟಿಯಲ್ಲಿರುತ್ತದೆ. ದಾರಿಯಲ್ಲಿ ಯಾರಾದರೂ ಕಡತವನ್ನು ಬದಲಿಸಿದ್ದರೆ ತಾಳೆ ನೋಡುವಾಗಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ಇವನ್ನು ಮಾಮೂಲಿ ಎಚ್‌ಟಿಟಿಪಿಯಲ್ಲೇ ತರಬಹುದು, ಎಚ್‌ಟಿಟಿಪಿಯಲ್ಲಿ ಬಂದದ್ದನ್ನು ಪ್ರಾಕ್ಸಿ ಎತ್ತಿಡಬಹುದು.

ಇದಕ್ಕೆಂದೇ ಇರುವ ಆಪ್ಟ್-ಕ್ಯಾಶರ್-ಎನ್‌ಜಿಯನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಒಂದರಲ್ಲಿ ಹಾಕಿದ್ದೇನೆ. ಪೋರ್ಟ್ 3142. ಪ್ರತಿ ಲ್ಯಾಪ್‌ಟಾಪಿನ ಆಪ್ಟ್ (ಪ್ಯಾಕೇಜುಗಳನ್ನು ಇಳಿಸಿ ಹಾಕುವ ತಂತ್ರಾಂಶ) ಸಂರಚನೆಯಲ್ಲಿ ಪೈಯ ವಿಳಾಸವಿರುವ ಒಂದೇ ಸಾಲು ಸಾಕು, ಬ್ರೌಸರ್ ಮುಟ್ಟಬೇಕಾಗಿಲ್ಲ. ಕ್ಯಾಶ್‌ ಅನ್ನು ಎಸ್‌ಡಿ ಕಾರ್ಡಿನಲ್ಲಿ ಇಡಬೇಡಿ. ನಿರಂತರ ಬರೆಹಕ್ಕೆ ಅದು ಸವೆಯುತ್ತದೆ, ಯುಎಸ್‌ಬಿ ಎಸ್‌ಎಸ್‌ಡಿ ಒಂದನ್ನು ಜೋಡಿಸಿ. ಪ್ರಯೋಜನ ಎಷ್ಟೆಂದರೆ, ಲಿನಕ್ಸ್ ಫರ್ಮ್‌ವೇರ್ ಎಂಬ ಒಂದೇ ಪ್ಯಾಕೇಜು 200 ಎಂಬಿಗೂ ಮಿಕ್ಕಿದ್ದು, ಆಗಾಗ ಹೊಸದಾಗುತ್ತದೆ. ಮೂರು ಲ್ಯಾಪ್‌ಟಾಪ್‌ಗಳೂ ಬೇರೆ ಬೇರೆಯಾಗಿ ತಂದರೆ ದಿನದ ಪಾಲಿನ ದೊಡ್ಡ ಭಾಗ ಅದಕ್ಕೇ ಹೋಗುತ್ತದೆ. ಈಗ ಒಂದು ತರುತ್ತದೆ, ಉಳಿದೆರಡು ಪೈಯಿಂದ ಪಡೆಯುತ್ತವೆ.

ಕಳೆದ ಮಳೆಗಾಲದಲ್ಲಿ ತಮ್ಮನ ಮಗಳು ಬೆಳಗ್ಗೆ ಪ್ಯಾಕೇಜುಗಳ ಪಟ್ಟಿಯನ್ನು ಹೊಸದಾಗಿಸಿ, ಕಾಲೇಜಿನ ಕೆಲಸಕ್ಕೆ ಬೇಕಾದ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಹಾಕಿಕೊಳ್ಳುವುದನ್ನು ಸಂಜೆಗೆ ಉಳಿಸಿಕೊಂಡಿದ್ದಳು. ಮಧ್ಯಾಹ್ನದ ಗಾಳಿಮಳೆಗೆ ಕರೆಂಟು ಹೋಯಿತು, ಟವರ್ ಸಿಗ್ನಲ್ಲೂ ಸತ್ತಿತು. ಇನ್ವರ್ಟರ್ ಮೇಲೆ ರೂಟರ್ ಮತ್ತು ಪೈ ಮಾತ್ರ ಬದುಕಿದ್ದವು. 'ದೊಡ್ಡಪ್ಪ, ಇವತ್ತು ಆಗುವುದಿಲ್ಲ ಬಿಡಿ' ಎಂದಳು. ಅದೇ ಕಂಪೈಲರನ್ನು ಹಿಂದಿನ ದಿನ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೆ. 'ಒಮ್ಮೆ ಆಜ್ಞೆ ಕೊಟ್ಟು ನೋಡು' ಎಂದೆ. ಹೊರಗಿನ ಸಂಪರ್ಕವೇ ಇಲ್ಲದ ಮನೆಯಲ್ಲಿ ಕಂಪೈಲರು ಅರ್ಧ ನಿಮಿಷದೊಳಗೆ ಇಳಿದು ಕುಳಿತಿತು. ಅವಳು ಎದ್ದುಹೋಗಿ ರೂಟರ್‌ನ ಕೆಂಪು ದೀಪವನ್ನು ನೋಡಿ ಬಂದು, ಪರದೆಯನ್ನು ಇನ್ನೊಮ್ಮೆ ನೋಡಿದಳು.