ಕರು ಹಾಕಿದ ಹಸು ಬೆದೆಗೆ ಬಾರದಿದ್ದರೆ ನಾನು ಏನು ಮಾಡುತ್ತೇನೆ

ನಾನು ತುಮಕೂರು ಕಡೆ ಪಶುವೈದ್ಯ. "ಕರು ಹಾಕಿ ಮೂರು ತಿಂಗಳಾಯ್ತು, ಬೆದೆಗೇ ಬಂದಿಲ್ಲ, ಒಂದು ಇಂಜೆಕ್ಷನ್ ಕೊಡಿ ಸಾರ್" ಅಂತ ಫೋನ್ ಬರದ ವಾರವೇ ಇಲ್ಲ. ಆದರೆ ಯಾವ ಇಂಜೆಕ್ಷನ್ ಅನ್ನುವುದು ಹಸುವನ್ನು ನೋಡದೆ ಗೊತ್ತಾಗುವುದಿಲ್ಲ.

ಮೊದಲು ಹಸುವಿನ ಹಿಂದೆ ನಿಂತು, ಮೈ ಎಷ್ಟು ಇಳಿದಿದೆ ಅಂತ ಸೊಂಟದ ಮೂಳೆ ನೋಡುತ್ತೇನೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯಲ್ಲಿ ಕರು ಹಾಕಿದ ಹೊಸದರಲ್ಲಿ ಹಾಲು ಜಾಸ್ತಿ, ತಿನ್ನುವುದು ಕಡಿಮೆ. ಮೈ ಕರಗಿಸಿಕೊಂಡೇ ಹಾಲು ಕೊಡುತ್ತದೆ. ಒಂದೆರಡು ವಾರದಲ್ಲೇ ಅಂಡಾಶಯದಲ್ಲಿ ಕೋಶಕಗಳು (ಅಂಡ ಇರುವ ಪುಟ್ಟ ಗುಳ್ಳೆಗಳು) ಬೆಳೆಯಲು ಶುರುವಾಗುತ್ತವೆ. ಆದರೆ ಮೈ ಇಳಿಯುತ್ತಿರುವಾಗ ಮೆದುಳಿನಿಂದ ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನ್ ಸರಿಯಾಗಿ ಬರುವುದಿಲ್ಲ, ಅದರಿಂದ ಕೋಶಕ ಒಡೆಸುವ ಎಲ್‌ಎಚ್ ಹಾರ್ಮೋನ್ ಸಾಲುವುದಿಲ್ಲ. ಕೋಶಕ ಒಡೆಯದೆ ಹಾಗೇ ಕರಗಿಹೋಗುತ್ತದೆ. ಹಳ್ಳಿಕಾರ್ ಹಸುವಾದರೆ ಇನ್ನೊಂದು ಕಾರಣವೂ ಇರುತ್ತದೆ. ಕರು ಇಡೀ ದಿನ ಪಕ್ಕದಲ್ಲೇ ಇದ್ದು ಆಗಾಗ ಕುಡಿಯುತ್ತಿದ್ದರೆ ಅದೂ ಎಲ್‌ಎಚ್ ಅನ್ನು ತಡೆಯುತ್ತದೆ. ಅಲ್ಲಿ ಕರುವನ್ನು ದೂರ ಕಟ್ಟಿ, ಹಾಲು ಕರೆಯುವಾಗ ಮಾತ್ರ ಬಿಡಿ ಅನ್ನುತ್ತೇನೆ.

ಆಮೇಲೆ ಗ್ಲೌಸ್ ಹಾಕಿ ಒಳಗೆ ಪರೀಕ್ಷೆ. ಗಬ್ಬ ಇಲ್ಲ, ಗರ್ಭಕೋಶದಲ್ಲಿ ಕೀವಿಲ್ಲ ಅನ್ನುವುದು ಮೊದಲು ಖಾತ್ರಿಯಾಗಬೇಕು. ಗಬ್ಬದ ಹಸುವಿಗೆ ಬೆದೆ ಬರಿಸುವ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೊಟ್ಟರೆ ಕರು ಹೋಗಬಹುದು. ಎರಡೂ ಅಂಡಾಶಯ ಚಿಕ್ಕದಾಗಿ ನುಣ್ಣಗೆ ಬೆರಳಿಗೆ ಸಿಕ್ಕರೆ, ಅವು ಇನ್ನೂ ಕೆಲಸ ಶುರು ಮಾಡಿಲ್ಲ. ಒಂದರ ಮೇಲೆ ಗಟ್ಟಿ ಉಬ್ಬು ಸಿಕ್ಕರೆ ಅದು ಕಾರ್ಪಸ್ ಲೂಟಿಯಂ, ಅಂಡ ಹೊರಬಂದ ಜಾಗದಲ್ಲಿ ಬೆಳೆಯುವ ಗಡ್ಡೆ. ಅಂದರೆ ಹಸುವಿನಿಂದ ಅಂಡ ಬಿಡುಗಡೆಯಾಗಿದೆ, ನಮ್ಮ ಕಣ್ಣಿಗೆ ಬೆದೆ ಬಿದ್ದಿಲ್ಲ ಅಷ್ಟೆ. ಕರು ಹಾಕಿದ ಮೇಲಿನ ಮೊದಲ ಬೆದೆ ಬಹಳ ಸಲ ಲಕ್ಷಣ ತೋರಿಸದ ಮೂಕ ಬೆದೆಯೇ ಆಗಿರುತ್ತದೆ, ಅಲ್ವಾ.

ನುಣ್ಣಗಿರುವ ಅಂಡಾಶಯಕ್ಕೆ ಬರೀ ಪ್ರೊಸ್ಟಾಗ್ಲಾಂಡಿನ್ ಸುಮ್ನೆ ದುಡ್ಡು ದಂಡ. ಅದು ಕರಗಿಸುವುದು ಕಾರ್ಪಸ್ ಲೂಟಿಯಂ ಅನ್ನು, ಅದೇ ಇಲ್ಲವಲ್ಲ! ಅಂಥ ಹಸುವಿಗೆ ಹಸಿಮೇವು, ಹಿಂಡಿ ಜಾಸ್ತಿ ಮಾಡಿಸಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಾಕಿಸುತ್ತೇನೆ. ಮೈ ಇಳಿಯುವುದು ನಿಂತ ಮೇಲೆ, ಪ್ರೊಜೆಸ್ಟರಾನ್ ಹಾರ್ಮೋನ್ ಇರುವ ಸಿಡರ್ ಅನ್ನುವ ಸಾಧನವನ್ನು 7 ದಿನ ಯೋನಿಯೊಳಗಿಟ್ಟು ತೆಗೆಯುತ್ತೇನೆ.

ಕಾರ್ಪಸ್ ಲೂಟಿಯಂ ಇದ್ದು, ಕರು ಹಾಕಿ 60 ದಿನ ದಾಟಿದ್ದರೆ ಓವ್‌ಸಿಂಕ್, ಅಂದರೆ ಅಂಡ ಬಿಡುಗಡೆಯ ಹೊತ್ತನ್ನು ಇಂಜೆಕ್ಷನ್‌ನಿಂದ ಹೊಂದಿಸಿ ಸೆಮನ್ ಹಾಕುವ ಕ್ರಮ. ನನಗೆ ಸೋಮವಾರ ಶುರು ಮಾಡುವುದೇ ಅನುಕೂಲ. ಬೆಳಿಗ್ಗೆ 8ಕ್ಕೆ ಜಿಎನ್‌ಆರ್‌ಎಚ್. ಮುಂದಿನ ಸೋಮವಾರ ಅದೇ ಹೊತ್ತಿಗೆ ಪ್ರೊಸ್ಟಾಗ್ಲಾಂಡಿನ್. ಬುಧವಾರ ಸಂಜೆ 4ಕ್ಕೆ, ಅಂದರೆ 56 ಗಂಟೆಗೆ, ಮತ್ತೆ ಜಿಎನ್‌ಆರ್‌ಎಚ್. ಗುರುವಾರ 8ರಿಂದ 12ರೊಳಗೆ ಸೆಮನ್. ಬೆದೆ ಕಂಡರೂ ಕಾಣದಿದ್ದರೂ ಹಾಕುವುದೇ. ಈ ಹೊತ್ತು ತಪ್ಪಿದರೆ ಉಳಿದದ್ದೆಲ್ಲ ಏರುಪೇರು. ಅದಕ್ಕೆ ನಾಲ್ಕೂ ತಾರೀಕನ್ನು ಕೊಟ್ಟಿಗೆ ಗೋಡೆ ಮೇಲೇ ಬರೆಸುತ್ತೇನೆ.

ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಗರ್ಭಿಣಿಯರು, ಆಸ್ತಮಾ ಇರುವವರು ಆ ಬಾಟಲಿ ಮುಟ್ಟಲೇಬಾರದು ಅಂತ ಮನೆಯವರಿಗೆಲ್ಲ ಹೇಳುತ್ತೇನೆ. ನೂರು ಹಸುವಿನಲ್ಲಿ 30ರಿಂದ 40 ಗಬ್ಬ ನಿಂತರೆ ಒಳ್ಳೆಯದೇ. ಉಳಿದವು ಸೆಮನ್ ಹಾಕಿದ 18ರಿಂದ 24ನೇ ದಿನದೊಳಗೆ ಮತ್ತೆ ಬೆದೆ ತೋರಿಸಬಹುದು. ಆಗ ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಕಣ್ಣಿಟ್ಟಿರಿ, ಲೋಳೆ ಕಂಡ ಕೂಡಲೇ ಫೋನ್ ಮಾಡಿ ಅನ್ನುತ್ತೇನೆ.